ಅಟ್ಟದಲ್ಲಿ ಸಿಕ್ಕ ಎಚ್‌ಡಿ ಡಿವಿಡಿ: ಬ್ಲೂ-ರೇ ಗೆದ್ದದ್ದು ಗುಣದಿಂದಲೋ, ಪ್ಲೇಸ್ಟೇಷನ್ ಬಲದಿಂದಲೋ?

ಸರಸ್ವತಿಪುರಂ ಅಕ್ಕ

ದಸರಾ ಗೊಂಬೆಗಳನ್ನು ಇಳಿಸಲೆಂದು ಮೊನ್ನೆ ಅಟ್ಟ ಹತ್ತಿದ್ದೆ. ಗೊಂಬೆಗಳ ಹಿಂದೆ ಇನ್ನೊಂದು ಪೆಟ್ಟಿಗೆ ಸಿಕ್ಕಿತು. ಅದರಲ್ಲಿ ಅಣ್ಣನ ಎಕ್ಸ್‌ಬಾಕ್ಸ್ 360 (ಮೈಕ್ರೋಸಾಫ್ಟಿನ ಆಟದ ಪೆಟ್ಟಿಗೆ), ಅದಕ್ಕೆ ಹೊರಗಿನಿಂದ ಜೋಡಿಸುವ ಎಚ್‌ಡಿ ಡಿವಿಡಿ ಡ್ರೈವ್, ಹಳೆಯ ಪಂಚೆಯಲ್ಲಿ ಸುತ್ತಿಟ್ಟ 19 ಸಿನಿಮಾ ಡಿಸ್ಕ್‌ಗಳು ಇದ್ದವು. ಅಣ್ಣ 2008ರಲ್ಲಿ ಅಮೆರಿಕದಿಂದ ಬರುವಾಗ ತಂದದ್ದು. ಡಿವಿಡಿಯ ನಂತರ, ಇನ್ನೂ ಸ್ಪಷ್ಟ ಚಿತ್ರದ ಸಿನಿಮಾಗೆಂದು ಎರಡು ಬಗೆಯ ಡಿಸ್ಕ್‌ಗಳು ಪೈಪೋಟಿಗೆ ಇಳಿದಿದ್ದವು: ತೋಷಿಬಾ ಕಡೆಯ ಎಚ್‌ಡಿ ಡಿವಿಡಿ, ಸೋನಿ ಕಡೆಯ ಬ್ಲೂ-ರೇ. ಆ ವರ್ಷ ಫೆಬ್ರುವರಿ 19ರಂದು ತೋಷಿಬಾ ಎಚ್‌ಡಿ ಡಿವಿಡಿಯನ್ನು ಕೈಬಿಡುವುದಾಗಿ ಘೋಷಿಸಿತು. ಮೊದಲು 199 ಡಾಲರ್ ಇದ್ದ ಡ್ರೈವ್ 50 ಡಾಲರಿಗೆ ಇಳಿಯಿತು, ಅಣ್ಣ ಕೊಂಡುಬಿಟ್ಟ.

ನನ್ನ ಬಳಿ ಇರುವುದು ಸೋನಿಯ ಆಟದ ಪೆಟ್ಟಿಗೆ ಪ್ಲೇಸ್ಟೇಷನ್ 3. ಹೆಬ್ಬಾಳದಲ್ಲಿ ಕೆಲಸಕ್ಕೆ ಸೇರಿದ ಹೊಸದರಲ್ಲಿ, 2007ರಲ್ಲಿ, ಸಂಬಳ ಕೂಡಿಸಿ ದೇವರಾಜ ಅರಸು ರಸ್ತೆಯಲ್ಲಿ ಕೊಂಡೆ. ಸುಮಾರು ನಲವತ್ತು ಸಾವಿರ ರೂಪಾಯಿ. ಅಮ್ಮ ಎರಡು ದಿನ ಮಾತು ಬಿಟ್ಟಿದ್ದರು. ಇಂದಿಗೂ ಅದರಲ್ಲಿ ಬ್ಲೂ-ರೇ ನೋಡುತ್ತೇನೆ.

ಮಗ ಎರಡನ್ನೂ ಗುಜರಿಗೆ ಹಾಕು ಎನ್ನುತ್ತಿದ್ದಾನೆ. ಮನೆಯಲ್ಲಿ ಜಾಗ ಇರುವುದು ಒಂದಕ್ಕೆ ಮಾತ್ರ. ಯಾವುದನ್ನು ಇಟ್ಟುಕೊಳ್ಳಲಿ? ಜೊತೆಗೆ ಇನ್ನೊಂದು ಪ್ರಶ್ನೆ, ಇದು ನನ್ನನ್ನು ಆಗಿನಿಂದ ಕಾಡಿದೆ: ಬ್ಲೂ-ರೇ ಅಂದು ನ್ಯಾಯವಾಗಿ ಗೆದ್ದಿತೇ?

ನೀಲಿ ಕಿರಣ

ನ್ಯಾಯವಾಗಿಯೇ ಗೆದ್ದಿತು ಅಕ್ಕ. ನಾನು ಭೌತಶಾಸ್ತ್ರ ಪಾಠ ಮಾಡುವವನು, ಆ ದಾರಿಯಲ್ಲೇ ಹೇಳುತ್ತೇನೆ.

ಎರಡರಲ್ಲೂ ಇರುವುದು 405 ನ್ಯಾನೊಮೀಟರ್ ತರಂಗಾಂತರದ ಅದೇ ನೀಲಿ-ನೇರಳೆ ಲೇಸರ್. ಡಿವಿಡಿಯ ಕೆಂಪು ಲೇಸರ್ 650 ನ್ಯಾನೊಮೀಟರಿನದು. ತರಂಗ ಕಿರಿದಾದಷ್ಟೂ ಡಿಸ್ಕ್ ಮೇಲೆ ಬೀಳುವ ಬೆಳಕಿನ ಚುಕ್ಕೆ ಕಿರಿದಾಗುತ್ತದೆ, ಅಕ್ಷರ ಒತ್ತೊತ್ತಾಗಿ ಬರೆಯಬಹುದು. ಇಷ್ಟರವರೆಗೆ ಇಬ್ಬರೂ ಸಮಾನರು. ವ್ಯತ್ಯಾಸವೆಲ್ಲ ಮಸೂರದ್ದು. ಎಚ್‌ಡಿ ಡಿವಿಡಿಯ ಮಸೂರದ ಸಂಖ್ಯಾತ್ಮಕ ದ್ಯುತಿರಂಧ್ರ (ಬೆಳಕನ್ನು ಎಷ್ಟು ಬಿಗಿಯಾಗಿ ಕೂಡಿಸಬಲ್ಲದು ಎಂಬ ಅಳತೆ) 0.65, ಬ್ಲೂ-ರೇಯದು 0.85. ಹೀಗಾಗಿ ಚುಕ್ಕೆ ಇನ್ನೂ ಕಿರಿದಾಗಿ, ಒಂದು ಪದರದಲ್ಲಿ 15 ಗಿಗಾಬೈಟ್ ಬದಲು 25 ಗಿಗಾಬೈಟ್ ಹಿಡಿಯುತ್ತದೆ. ಎರಡು ಪದರಕ್ಕೆ 30 ಎದುರು 50.

ಆದರೆ ಅಷ್ಟು ಬಲವಾದ ಮಸೂರದ ಕೆಳಗೆ ಡಿಸ್ಕ್ ಎಳ್ಳಷ್ಟು ಓರೆಯಾದರೂ ಚುಕ್ಕೆ ಕಲಸಿಹೋಗುತ್ತದೆ. ಅದಕ್ಕಾಗಿ ಮಾಹಿತಿಯ ಪದರವನ್ನು ಮೇಲ್ಮೈಯಿಂದ ಕೇವಲ 0.1 ಮಿಲಿಮೀಟರ್ ಆಳಕ್ಕೆ ತಂದರು. ಎಚ್‌ಡಿ ಡಿವಿಡಿಯಲ್ಲಿ ಅದು ಡಿವಿಡಿಯಂತೆಯೇ 0.6 ಮಿಲಿಮೀಟರ್ ಆಳದಲ್ಲಿದೆ. ಬ್ಲೂ-ರೇ ಮಾಡಿದವರು ಕಷ್ಟದ ದಾರಿ ಹಿಡಿದರು, ಅದರ ಫಲ ಪಡೆದರು. ಪ್ಲೇಸ್ಟೇಷನ್ 3 ಇಟ್ಟುಕೊಳ್ಳಿ.

ಅಗ್ರಹಾರದ ಎಚ್‌ಡಿ

ಕಿರಣ ಸರ್, ನಿಮ್ಮ ಲೆಕ್ಕ ಸರಿಯಾಗಿದೆ, ತೀರ್ಪನ್ನು ಮಾತ್ರ ನಾನು ಒಪ್ಪುವುದಿಲ್ಲ. 0.6 ಮಿಲಿಮೀಟರಿನ ಆಳವನ್ನು ಸೋಮಾರಿತನ ಎಂಬಂತೆ ಹೇಳಿದ್ದೀರಿ. ಅದು ಬೇಕೆಂದೇ ಮಾಡಿದ ಆಯ್ಕೆ. ಡಿವಿಡಿ ಅಚ್ಚೊತ್ತುತ್ತಿದ್ದ ಯಂತ್ರಗಳನ್ನೇ ಸ್ವಲ್ಪ ಬದಲಿಸಿ ಎಚ್‌ಡಿ ಡಿವಿಡಿ ಒತ್ತಬಹುದಿತ್ತು. ಬ್ಲೂ-ರೇಗೆ ಹೊಸ ಸಾಲನ್ನೇ ಹಾಕಬೇಕಾಯಿತು.

ಒಂದು ಸಿನಿಮಾಗೆ 50 ಗಿಗಾಬೈಟ್ ಬೇಕೇ ಬೇಕು ಎಂಬುದೂ ನಿಜವಲ್ಲ. ವಿಡಿಯೋವನ್ನು ಕುಗ್ಗಿಸಿ ತುಂಬಲು ಇಬ್ಬರೂ ಬಳಸಿದ್ದು ಅದೇ ವಿಧಾನಗಳು: ಎಚ್.264, ವಿಸಿ-1, ಎಂಪೆಗ್-2. ಮೊದಮೊದಲ ಹಲವು ಬ್ಲೂ-ರೇಗಳು ಒಂದೇ ಪದರದಲ್ಲಿ, ಹಳೆಯ ಎಂಪೆಗ್-2ರಲ್ಲಿ ಬಂದವು. ಅದೇ ಕಾಲದ ಎಚ್‌ಡಿ ಡಿವಿಡಿಗಳ ಚಿತ್ರ ಅವಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಕೊಂಡವನ ಕಡೆಯಿಂದಲೂ ನೋಡಿ. ಎಚ್‌ಡಿ ಡಿವಿಡಿಯ ಪ್ರತಿ ಪ್ಲೇಯರಿನಲ್ಲಿ ಮೊದಲ ದಿನದಿಂದಲೇ ಇಂಟರ್‌ನೆಟ್ ತಂತಿಯ ಜಾಗ ಇತ್ತು. ಚಿತ್ರದೊಳಗೆ ಚಿತ್ರ ತೋರಿಸುವ ಎರಡನೇ ಡಿಕೋಡರ್ ಕಡ್ಡಾಯವಾಗಿತ್ತು. ಬ್ಲೂ-ರೇಯವರು ಇಂಥ ಸೌಲಭ್ಯಗಳನ್ನು ಪ್ರೊಫೈಲ್ 1.0, ನಂತರ 1.1, ನಂತರ 2.0 ಎಂದು ಕಂತು ಕಂತಾಗಿ ಕೊಟ್ಟರು, ಮೊದಲು ಕೊಂಡವರು ಹಿಂದೆ ಉಳಿದರು. ಎಲ್ಲಕ್ಕಿಂತ ಮುಖ್ಯವಾಗಿ, ಎಚ್‌ಡಿ ಡಿವಿಡಿಗೆ ಪ್ರದೇಶದ ಬೀಗವೇ ಇರಲಿಲ್ಲ. ಅಮೆರಿಕದಲ್ಲಿ ಕೊಂಡದ್ದು ಮೈಸೂರಿನಲ್ಲೂ ಓಡುತ್ತಿತ್ತು. ಬ್ಲೂ-ರೇ ಭೂಮಿಯನ್ನು ಎ, ಬಿ, ಸಿ ಎಂದು ಹೋಳು ಮಾಡಿತು, ನಮ್ಮನ್ನು ಸಿ ಹೋಳಿಗೆ ಹಾಕಿತು. ಪ್ರೇಕ್ಷಕನನ್ನು ಗೌರವಿಸಿದ ಡಿಸ್ಕ್ ಸೋತಿತು. ನನಗೆ ಇಂದಿಗೂ ಅದು ನೋವಿನ ವಿಷಯ.

ಗುತ್ತಲು ರಸ್ತೆ

ಮಂಡ್ಯದವನು. 2004ರಿಂದ ಎಂಟು ವರ್ಷ ಗುತ್ತಲು ರಸ್ತೆಯಲ್ಲಿ ಗೇಮ್ ಪಾರ್ಲರ್ ನಡೆಸಿದ್ದೇನೆ, ಪಕ್ಕದಲ್ಲೇ ಸಿಡಿ ಬಾಡಿಗೆ ಅಂಗಡಿಯೂ ಇತ್ತು. ನೀವಿಬ್ಬರೂ ಮಸೂರ, ಡಿಕೋಡರ್ ಎಂದು ಹೇಳುತ್ತಿದ್ದೀರಿ. ಇವನ್ನು ಕೇಳಿಕೊಂಡು ನನ್ನ ಅಂಗಡಿಗೆ ಒಬ್ಬ ಗಿರಾಕಿಯೂ ಬರಲಿಲ್ಲ.

2007ರಲ್ಲಿ ಮಂಡ್ಯದಲ್ಲಿ ಜನ ನೋಡುತ್ತಿದ್ದದ್ದು ವಿಸಿಡಿ. ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿದ ಮೇಲೆ ಬಾಡಿಗೆಗೆ ಕೇಳುವವರೇ ಕಡಿಮೆಯಾದರು. ಮನೆಗಳಲ್ಲಿ ಇದ್ದದ್ದು 21 ಇಂಚಿನ ಡಬ್ಬಾ ಟಿವಿ. ಅದಕ್ಕೆ 50 ಗಿಗಾಬೈಟಿನ ಡಿಸ್ಕ್ ಹಾಕಿದರೂ ಕಾಣುವುದು ಡಿವಿಡಿಯಷ್ಟೇ. ಪಾರ್ಲರಿನಲ್ಲಿ ನಾಲ್ಕು ಪ್ಲೇಸ್ಟೇಷನ್ 2, ಗಂಟೆಗೆ 20 ರೂಪಾಯಿ, ಶಾಲೆ ಬಿಟ್ಟ ಮೇಲೆ ಕೂರಲು ಜಾಗ ಇರುತ್ತಿರಲಿಲ್ಲ.

ನನಗೆ ಕಂಡ ಕಾರಣ ಒಂದೇ. ಪ್ಲೇಸ್ಟೇಷನ್ 3ರಲ್ಲಿ ಬ್ಲೂ-ರೇ ಒಳಗೇ ಇತ್ತು. ಎಕ್ಸ್‌ಬಾಕ್ಸಿನಲ್ಲಿ ಎಚ್‌ಡಿ ಡಿವಿಡಿ ಹೊರಗೆ ಇತ್ತು, ಬೇರೆ ದುಡ್ಡು ಕೊಟ್ಟು ತರಬೇಕಿತ್ತು, ಅದೂ ಸಿನಿಮಾಗೆ ಮಾತ್ರ. ಆಟಗಳೆಲ್ಲ ಡಿವಿಡಿಯಲ್ಲೇ ಬರುತ್ತಿದ್ದವು. ಬೇಕಾದರೆ ತೆಗೆದುಕೋ ಎಂದು ಪಕ್ಕಕ್ಕೆ ಇಟ್ಟದ್ದನ್ನು ಯಾರು ತೆಗೆದುಕೊಳ್ಳುತ್ತಾರೆ? ಊಟಕ್ಕೆ ಕುಳಿತವನ ಎಲೆಗೇ ಬಡಿಸಿದರೆ ತಿನ್ನುತ್ತಾನೆ.

ನೀಲಿ ಕಿರಣ

ಗುತ್ತಲು ರಸ್ತೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಅದು ಅರ್ಧ ಮಾತ್ರ. ಎಲೆಗೆ ಬಡಿಸಿದ್ದು ರುಚಿ ಇಲ್ಲದಿದ್ದರೆ ಪಕ್ಕಕ್ಕೆ ಸರಿಸುತ್ತಾರೆ. 2008ರ ಜನವರಿ 4ರಂದು ವಾರ್ನರ್ ಬ್ರದರ್ಸ್ ಸ್ಟುಡಿಯೋ ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದಿತು. ಅಲ್ಲಿಯವರೆಗೆ ಅದು ಎರಡರಲ್ಲೂ ಸಿನಿಮಾ ಬಿಡುತ್ತಿತ್ತು. ಆರು ವಾರಗಳಲ್ಲಿ, ಆಗ ಡಿಸ್ಕ್ ಬಾಡಿಗೆಗೆ ಕೊಡುತ್ತಿದ್ದ ನೆಟ್‌ಫ್ಲಿಕ್ಸ್, ಅಮೆರಿಕದ ದೊಡ್ಡ ಅಂಗಡಿಗಳಾದ ಬೆಸ್ಟ್ ಬೈ, ವಾಲ್‌ಮಾರ್ಟ್ ಎಲ್ಲರೂ ಅತ್ತ ವಾಲಿದರು. ಎಚ್‌ಡಿ ಡಿವಿಡಿ ಪ್ಲೇಯರ್ ಹಿಂದಿನ ನವೆಂಬರಿನಲ್ಲಿ 100 ಡಾಲರಿಗಿಂತ ಕಡಿಮೆಗೆ ಮಾರಾಟವಾಗಿತ್ತು. ಅಷ್ಟು ಅಗ್ಗಕ್ಕೆ ಕೊಟ್ಟರೂ ಅದು ಉಳಿಯಲಿಲ್ಲ.

ಅಗ್ರಹಾರದ ಎಚ್‌ಡಿ

ಅಗ್ಗಕ್ಕೆ ಕೊಟ್ಟರೂ ಉಳಿಯಲಿಲ್ಲ ಎಂದರೆ ಅದರ ಅರ್ಥ ಬೆಲೆಯೂ ತೀರ್ಮಾನಿಸಲಿಲ್ಲ, ಗುಣವೂ ತೀರ್ಮಾನಿಸಲಿಲ್ಲ ಎಂದಲ್ಲವೇ? ಆಟಕ್ಕೆಂದು ಕೊಂಡ ಲಕ್ಷಾಂತರ ಪೆಟ್ಟಿಗೆಗಳು ಸಿನಿಮಾ ಪ್ಲೇಯರಿನ ಲೆಕ್ಕಕ್ಕೆ ಸೇರಿದವು. ಸ್ಟುಡಿಯೋಗಳು ಎಣಿಸಿದ್ದು ಅವನ್ನೇ.

ಅದರ ಖರ್ಚು ಯಾರ ತಲೆಗೆ ಬಿತ್ತು? 2006ರ ನವೆಂಬರಿನಲ್ಲಿ ಅಮೆರಿಕದಲ್ಲಿ 60 ಗಿಗಾಬೈಟಿನ ಪ್ಲೇಸ್ಟೇಷನ್ 3ರ ಬೆಲೆ 599 ಡಾಲರ್. ನೀಲಿ ಲೇಸರಿನ ಬಿಡಿಭಾಗ ಸಾಕಷ್ಟು ಸಿಗದೆ ಯುರೋಪಿನವರು 2007ರ ಮಾರ್ಚ್ ತನಕ ಕಾಯಬೇಕಾಯಿತು. ಆಟ ಆಡುವ ಹುಡುಗರು ಸಿನಿಮಾ ಡಿಸ್ಕಿನ ಯುದ್ಧಕ್ಕೆ ತೆರಿಗೆ ಕಟ್ಟಿದರು. ಸರಸ್ವತಿಪುರಂ ಅಕ್ಕನ ನಲವತ್ತು ಸಾವಿರದಲ್ಲೂ ಅದರ ಪಾಲು ಇದೆ.

ಸರಸ್ವತಿಪುರಂ ಅಕ್ಕ

ಇದ್ದಿರಬಹುದು. ಆದರೆ ಕೊಟ್ಟ ಹಣಕ್ಕೆ ನನಗೆ ಬೇಸರವಿಲ್ಲ. ಅಪ್ಪ ಚಿತ್ರಮಂದಿರಕ್ಕೆ ಹೋಗಲಾಗದೆ ಮನೆಯಲ್ಲಿದ್ದ ವರ್ಷ ಅದೇ ಪೆಟ್ಟಿಗೆಯಲ್ಲಿ ಅವರಿಗೆ ಸಿನಿಮಾ ಹಾಕಿ ತೋರಿಸಿದೆ. ಆಟವೂ ಕಡಿಮೆಯಾಗಲಿಲ್ಲ. ಫೈನಲ್ ಫ್ಯಾಂಟಸಿ 13 ನನಗೆ ಒಂದೇ ಡಿಸ್ಕಿನಲ್ಲಿ ಬಂತು, ಎಕ್ಸ್‌ಬಾಕ್ಸಿನವರು ಮೂರು ಡಿವಿಡಿ ಬದಲಿಸಬೇಕಿತ್ತು.

ಗುತ್ತಲು ರಸ್ತೆ

ಅಕ್ಕ, ಡಿಸ್ಕ್ ಬದಲಿಸುವುದು ಅರ್ಧ ನಿಮಿಷದ ಕೆಲಸ. ನನಗೆ ತೊಂದರೆ ಕೊಟ್ಟದ್ದು ಬೇರೆ. 2010ರಲ್ಲಿ ಪಾರ್ಲರಿಗೆ ಒಂದು ಪ್ಲೇಸ್ಟೇಷನ್ 3, ಒಂದು 32 ಇಂಚಿನ ಎಲ್‌ಸಿಡಿ ತಂದೆ. ಹೊಸ ಆಟ ಹಾಕಿದರೆ ಎಷ್ಟೋ ಸಲ ಮೊದಲು ಅದನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಬೇಕು. ಅದರ ಬ್ಲೂ-ರೇ ಡ್ರೈವ್ ಓದುವುದು ಸೆಕೆಂಡಿಗೆ ಸುಮಾರು 9 ಮೆಗಾಬೈಟ್. ಎಕ್ಸ್‌ಬಾಕ್ಸಿನ 12 ಪಟ್ಟು ವೇಗದ ಡಿವಿಡಿ ಡ್ರೈವ್ ಹೊರ ಅಂಚಿನಲ್ಲಿ ಅದಕ್ಕಿಂತ ಬೇಗ ಓದುತ್ತಿತ್ತು. ದುಡ್ಡು ಕೊಟ್ಟು ಕುಳಿತ ಹುಡುಗನನ್ನು ಕಾಯಿಸಲು ಆಗುತ್ತದೆಯೇ? ರಾತ್ರಿ ಅಂಗಡಿ ಬಾಗಿಲು ಹಾಕಿ ಇಳಿಸಲು ಬಿಡುತ್ತಿದ್ದೆ. ಬೇಸಿಗೆಯಲ್ಲಿ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ.

ಬ್ಲೂ-ರೇ ಪರವಾಗಿ ನನ್ನ ಸಾಕ್ಷಿಯೂ ಇದೆ, ಅದನ್ನೂ ಹೇಳುತ್ತೇನೆ. ಕಬ್ಬಿನ ಹಾಲು ಕುಡಿದ ಕೈಯಲ್ಲೇ ಹುಡುಗರು ಡಿಸ್ಕ್ ಹಿಡಿಯುತ್ತಿದ್ದರು. ಡಿವಿಡಿಗಳು ಒಂದೆರಡು ತಿಂಗಳಿಗೆ ಗೀರು ಬಿದ್ದು ಕೈಕೊಡುತ್ತಿದ್ದವು. ಬ್ಲೂ-ರೇ ಡಿಸ್ಕನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಹಾಕಿದರೆ ಎರಡು ವರ್ಷವಾದರೂ ಓಡುತ್ತಿತ್ತು.

ನೀಲಿ ಕಿರಣ

ಅದಕ್ಕೂ 0.1 ಮಿಲಿಮೀಟರೇ ಕಾರಣ. ಪದರ ಅಷ್ಟು ಮೇಲೆ ಇದ್ದುದರಿಂದ ಗಟ್ಟಿ ಲೇಪನವಿಲ್ಲದೆ ಡಿಸ್ಕ್ ಬದುಕುವಂತಿರಲಿಲ್ಲ, ಹಾಗಾಗಿ ಲೇಪನವನ್ನು ಕಡ್ಡಾಯ ಮಾಡಿದರು. ಕಷ್ಟದ ದಾರಿಯ ಫಲ ಎಂದದ್ದು ಇದನ್ನೇ. ಕೊನೆಗೆ 2013ರಲ್ಲಿ ಮೈಕ್ರೋಸಾಫ್ಟ್ ಕೂಡ ಎಕ್ಸ್‌ಬಾಕ್ಸ್ ಒನ್ ಒಳಗೆ ಬ್ಲೂ-ರೇ ಡ್ರೈವ್ ಇಟ್ಟಿತು. ಎದುರಾಳಿಯೇ ಒಪ್ಪಿಕೊಂಡ ಮೇಲೆ ಇನ್ನೇನು ಬೇಕು?

ಅಗ್ರಹಾರದ ಎಚ್‌ಡಿ

2013ರಲ್ಲಿ ಆಯ್ಕೆಗೆ ಉಳಿದಿದ್ದದ್ದೇ ಒಂದು ಸರ್. ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಚಿತ್ರದ ಸ್ಪಷ್ಟತೆಯೇ ಎಲ್ಲ ಆಗಿದ್ದರೆ ಆ ಕಾಲದ ಮೂರನೇ ಆಟದ ಪೆಟ್ಟಿಗೆ ನಿಂಟೆಂಡೊ ವೀ ಹೇಗೆ ಗೆಲ್ಲಬೇಕು? ಅದರಲ್ಲಿ ಎಚ್‌ಡಿ ಇಲ್ಲ, ಡಿವಿಡಿ ಸಿನಿಮಾ ಕೂಡ ಓಡುವುದಿಲ್ಲ. ಆದರೂ ಮಾರಾಟ 10 ಕೋಟಿ ದಾಟಿತು. ಪ್ಲೇಸ್ಟೇಷನ್ 3 ಎಂಟು ಮುಕ್ಕಾಲು ಕೋಟಿಯ ಹತ್ತಿರ, ಎಕ್ಸ್‌ಬಾಕ್ಸ್ 360 ಅದರ ಹಿಂದೆಯೇ ನಿಂತವು.

ಓಲೆಗರಿ

ಎಲ್ಲರ ಮಾತೂ ಓದಿದೆ. ನಾನು ಮೈಸೂರಿನಲ್ಲಿ ಗ್ರಂಥಪಾಲಕಿ. ಯಾವುದು ಗೆಲ್ಲಬೇಕಿತ್ತು ಎಂಬುದರಲ್ಲಿ ಅಕ್ಕನ ಮೊದಲ ಪ್ರಶ್ನೆಯೇ ಮರೆತುಹೋಯಿತು: ಯಾವುದನ್ನು ಇಟ್ಟುಕೊಳ್ಳಬೇಕು?

ನನ್ನ ಉತ್ತರ, ಸೋತದ್ದನ್ನು. ಪ್ಲೇಸ್ಟೇಷನ್ 3 ಕೆಟ್ಟರೆ ನಿಮ್ಮ ಬ್ಲೂ-ರೇಗಳನ್ನು ಪ್ಲೇಸ್ಟೇಷನ್ 4ರಲ್ಲಿ ಅಥವಾ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5ರಲ್ಲಿ ನೋಡಬಹುದು. ಆ 19 ಡಿಸ್ಕ್‌ಗಳನ್ನು ಓದಬಲ್ಲದ್ದು ನಿಮ್ಮ ಮನೆಯಲ್ಲಿ ಆ ಒಂದು ಡ್ರೈವ್. ಮೈಸೂರಿನಲ್ಲಿ ಇನ್ನೊಂದನ್ನು ಹುಡುಕಿ ಕೊಳ್ಳುವುದು ಸುಲಭವಲ್ಲ.

1905ರಲ್ಲಿ ನಮ್ಮ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ಕೌಟಿಲ್ಯನ ಅರ್ಥಶಾಸ್ತ್ರದ ಓಲೆ ಪ್ರತಿ ಸಿಕ್ಕಿತು, 1909ರಲ್ಲಿ ಅಚ್ಚಾಯಿತು. ಆ ಓಲೆ ಗ್ರಂಥ ಲಿಪಿಯಲ್ಲಿತ್ತು (ದಕ್ಷಿಣದಲ್ಲಿ ಸಂಸ್ಕೃತ ಬರೆಯಲು ಬಳಸುತ್ತಿದ್ದ ಹಳೆಯ ಲಿಪಿ). ಓಲೆ ಉಳಿದದ್ದು ಒಂದು ಪುಣ್ಯ, ಆ ಲಿಪಿ ಓದಬಲ್ಲವರು ಇದ್ದದ್ದು ಇನ್ನೊಂದು. ನಿಮ್ಮ ಡ್ರೈವ್ ಈಗ ಆ ಎರಡನೆಯ ಜಾಗದಲ್ಲಿದೆ.

ಕೆಲಸದ ಮಾತು. ಅಮೆರಿಕದ ಎಕ್ಸ್‌ಬಾಕ್ಸಿನ ಇಟ್ಟಿಗೆಯಂಥ ಪವರ್ ಅಡಾಪ್ಟರ್ ಅಲ್ಲಿಯ ವೋಲ್ಟಿಗೆ ಮಾಡಿದ್ದು, ನೇರವಾಗಿ ನಮ್ಮ 230 ವೋಲ್ಟಿಗೆ ಚುಚ್ಚಬೇಡಿ. ವೋಲ್ಟ್ ಇಳಿಸುವ 500 ವಾಟಿನ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತನ್ನಿ. ಡ್ರೈವಿಗೆ ಬೇರೆ ಅಡಾಪ್ಟರ್ ಇರುತ್ತದೆ, ಅದರ ಮೇಲೆ ಬರೆದ ವೋಲ್ಟನ್ನು ಓದಿಕೊಳ್ಳಿ. ಡ್ರೈವ್ ಯುಎಸ್‌ಬಿಯದು, ಕಂಪ್ಯೂಟರಿಗೂ ಜೋಡಿಸಬಹುದು. ಪ್ರತಿ ಡಿಸ್ಕನ್ನೂ ಕೊನೆಯವರೆಗೆ ಓಡಿಸಿ ನೋಡಿ. ಎಚ್‌ಡಿ ಡಿವಿಡಿಗಳಲ್ಲಿ ಕೆಲವು ಹೊರಗೆ ಹೊಳೆಯುತ್ತಿದ್ದರೂ ಒಳಗೆ ಕೆಟ್ಟಿರುತ್ತವೆ. ಎರಡು ಮುಖದ ಡಿಸ್ಕ್ ಇದ್ದರೆ ಒಂದು ಮುಖ ಮಾಮೂಲಿ ಡಿವಿಡಿ. ಪಂಚೆ ಬೇಡ, ತೇವ ಹಿಡಿಯುತ್ತದೆ. ಡಬ್ಬಿಯಲ್ಲಿ ನೇರವಾಗಿ ನಿಲ್ಲಿಸಿ.

ನೀಲಿ ಕಿರಣ

ಓಲೆಗರಿ ಮೇಡಂ, ನನ್ನ ಸಲಹೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಬ್ಲೂ-ರೇ ಮೇಲು ಎಂಬ ಮಾತನ್ನಲ್ಲ, ಪ್ಲೇಸ್ಟೇಷನ್ ಇಟ್ಟುಕೊಳ್ಳಿ ಎಂದದ್ದನ್ನು ಮಾತ್ರ.

ಸರಸ್ವತಿಪುರಂ ಅಕ್ಕ

ಭಾನುವಾರ ಕುಳಿತು ನೋಡಿದೆವು. ಟ್ರಾನ್ಸ್‌ಫಾರ್ಮರ್ ಸಿಕ್ಕಿತು. ಹೊಸ ಟಿವಿಯಲ್ಲಿ ಎಕ್ಸ್‌ಬಾಕ್ಸಿನ ಹಳೆಯ ಬಗೆಯ ಕಾಂಪೊನೆಂಟ್ ಕೇಬಲ್ ಚುಚ್ಚಲು ಜಾಗವೇ ಇಲ್ಲ. ಅತ್ತೆಯವರ ಕೋಣೆಯ ಹಳೆಯ ಎಲ್‌ಸಿಡಿಯನ್ನು ಹಾಲಿಗೆ ತಂದೆವು. 19ರಲ್ಲಿ 15 ಡಿಸ್ಕ್ ಪೂರ್ತಿ ಓಡಿದವು. ಮೂರು ನಡುವೆ ನಿಂತವು. ಒಂದನ್ನು ಡ್ರೈವ್ ಗುರುತಿಸಲೇ ಇಲ್ಲ. ನಿಂತ ಮೂರರಲ್ಲಿ ಒಂದು ಎರಡು ಮುಖದ್ದು, ಅದರ ಡಿವಿಡಿ ಮುಖ ಕಂಪ್ಯೂಟರಿನಲ್ಲಿ ಓಡಿತು. ಅಣ್ಣನಿಗೆ ವಿಡಿಯೋ ಕರೆ ಮಾಡಿ ತೋರಿಸಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ.

ಪ್ಲೇಸ್ಟೇಷನ್ 3ನ್ನು ಮಗ ತನ್ನ ಕೋಣೆಗೆ ಒಯ್ದ, ಗುಜರಿಯ ಮಾತು ನಿಂತಿದೆ. ಡ್ರೈವ್ ಮತ್ತು ಡಿಸ್ಕ್‌ಗಳು ಇನ್ನು ಅಟ್ಟಕ್ಕೆ ಹೋಗುವುದಿಲ್ಲ, ಪುಸ್ತಕದ ಕಪಾಟಿನಲ್ಲಿ ಜಾಗ ಮಾಡಿದ್ದೇನೆ.

ಅಗ್ರಹಾರದ ಎಚ್‌ಡಿ

ಹದಿನೈದು! ಇಷ್ಟು ವರ್ಷದ ಮೇಲೂ. ತುಂಬ ಸಂತೋಷವಾಯಿತು ಅಕ್ಕ.

ಗುತ್ತಲು ರಸ್ತೆ

ಅಕ್ಕ, ಎಂಟು ವರ್ಷ ಪಾರ್ಲರ್ ನಡೆಸಿದರೂ ಎಚ್‌ಡಿ ಡಿವಿಡಿ ಓಡುವುದನ್ನು ನಾನು ಕಣ್ಣಾರೆ ನೋಡಿಲ್ಲ. ಗೊಂಬೆ ಕೂರಿಸಿದ ಮೇಲೆ ಮಗಳನ್ನು ಕರೆದುಕೊಂಡು ಬರಬಹುದೇ?

ಸರಸ್ವತಿಪುರಂ ಅಕ್ಕ

ಖಂಡಿತ ಬನ್ನಿ. ಸಂಜೆ ಆರರ ಮೇಲೆ ಬಂದರೆ ಗೊಂಬೆ ಆರತಿಯೂ ಆಗುತ್ತದೆ. ಯಾವ ಸಿನಿಮಾ ಹಾಕಬೇಕೆಂದು ಮಗಳೇ ಆರಿಸಲಿ, ಹದಿನೈದೂ ಹೊರಗೆ ತೆಗೆದಿಟ್ಟಿರುತ್ತೇನೆ.