ಕೌದಿ ಹೊಲಿಯೋಕೆ ಕಡಿಮೆ ಖರ್ಚಲ್ಲಿ ಬಟ್ಟೆ, ದಾರ ಎಲ್ಲಿ ಸಿಗುತ್ತೆ? ಕೈಯಲ್ಲಿರೋದು 2000 ಅಷ್ಟೇ

ಹೊಲಿಗೆ ಹೊಸಬಿ:
ಎಲ್ರಿಗೂ ನಮಸ್ಕಾರ. ನಾನಿರೋದು ಬೆಂಗಳೂರು, ತವರು ತುಮಕೂರು, ಗಂಡನ ಮನೆ ಗದಗ ಹತ್ರ ಒಂದು ಹಳ್ಳಿ. ನಮ್ಮತ್ತೆ ಹೋದ ವರ್ಷ ತೀರ್ಕೊಂಡ್ರು, ಮೊನ್ನೆ ಊರಿಗೆ ಹೋದಾಗ ಅವರ ಟ್ರಂಕ್ ತೆಗೆದ್ವಿ, ಉಟ್ಟು ಉಟ್ಟು ಮೆತ್ತಗಾಗಿರೋ 7 ಸೀರೆ ಇದ್ವು, ಯಾರಿಗೂ ಕೊಡೋಕೆ ಮನಸ್ಸು ಬರ್ಲಿಲ್ಲ, ಎಲ್ಲಾ ಹೊತ್ಕೊಂಡು ಬಂದೆ. ಅತ್ತೆ ಹೊಲಿದಿದ್ದ ಹಳೇ ಕೌದಿ ಒಂದು ನಮ್ಮನೇಲಿದೆ. ಅದರ ಮೂಲೆ ಹರಿದು ಒಳಗಿನ ಪದರ ಕಾಣಿಸ್ತಿದೆ, ನೋಡಿದ್ರೆ ನಮ್ಮನೆಯವರು ಚಿಕ್ಕೋರಿದ್ದಾಗ ಸ್ಕೂಲಿಗೆ ಹಾಕ್ಕೊಂಡು ಹೋಗ್ತಿದ್ದ ನೀಲಿ ಚಡ್ಡಿ ಬಟ್ಟೆ. ಅವತ್ತಿಂದ ನಾನೂ ಒಂದು ಹೊಲೀಬೇಕು ಅಂತ ತಲೇಲಿ ಕೂತಿದೆ. ಡಬಲ್ ಬೆಡ್‌ಗೆ ಒಂದು, ಆಮೇಲೆ ನಾದಿನಿಗೆ ಡೆಲಿವರಿ ಇದೆ, ಮಗೂಗೆ ಒಂದು ಚಿಕ್ಕದು.

ಆನ್‌ಲೈನಲ್ಲಿ ಕ್ವಿಲ್ಟಿಂಗ್ ಅಂತ ಹುಡುಕಿದ್ರೆ ಬಟ್ಟೆ ಬೇರೆ, ಒಳಗೆ ಹಾಕೋ ಹತ್ತಿ ಶೀಟ್ ಬೇರೆ, ಕತ್ತರಿಸೋ ಮ್ಯಾಟ್, ಗುಂಡು ಕಟರ್, ಎಲ್ಲಾ ಸೇರಿದ್ರೆ ನನ್ನ ಬಜೆಟ್‌ನ ಮೂರ್ನಾಲ್ಕು ಪಟ್ಟು ಆಗುತ್ತೆ. ಒಂದು ಕಡೆ ಪ್ಯೂರ್ ಕಾಟನ್ ತುಂಡುಗಳು ಅಂತ ನಂಬಿ ತರಿಸಿದೆ, ಬಂದಿದ್ದು ಜಾರೋ ಬಟ್ಟೆ, ಇಸ್ತ್ರಿ ಇಟ್ಟ ತಕ್ಷಣ ಮುದುಡ್ಕೊಂಡ್ತು. ಇದೆಲ್ಲಾ ನಿಜವಾಗ್ಲೂ ಬೇಕಾ? ಯಾವುದಕ್ಕೆ ದುಡ್ಡು ಹಾಕ್ಲಿ, ಯಾವುದು ಬಿಡ್ಲಿ? ಅತ್ತೆ ಇದ್ದಿದ್ರೆ ಅವರನ್ನೇ ಕೇಳ್ತಿದ್ದೆ.

ಧಾರವಾಡದಾಕಿ:
ತಂಗೀ, ನಿಮ್ಮ ಅತ್ತಿಯವರ ಕೌದಿ ಸುದ್ದಿ ಓದಿ ಕಣ್ಣಾಗ ನೀರ ಬಂತು. ನಮ್ಮವ್ವನೂ ಹಂಗ, ಒಂದ ಚೂರ ಅರಿವಿ ಒಗೀತಿದ್ದಿಲ್ಲ, ಅಪ್ಪನ ಧೋತರ, ನಮ್ಮ ಪರಕಾರ, ಕುಬಸ ಹೊಲದ ಉಳದ ಖಣದ ತುಂಡ, ಎಲ್ಲಾ ಒಂದ ಗಂಟಿನ್ಯಾಗ ಕಟ್ಟಿ ಇಟ್ಟು ಬ್ಯಾಸಗಿ ಬಂತಂದ್ರ ಅಂಗಳದಾಗ ಹಾಸಿಕೊಂಡ ಕುಂದರತಿದ್ಲು.

ಮೊದಲ ಹೇಳೂದು ಏನಂದ್ರ ಆ ಹತ್ತಿ ಶೀಟು, ಮ್ಯಾಟು, ಕಟರು ಏನೂ ತರಬ್ಯಾಡ್ರಿ. ಕೌದಿ ಒಳಗ ಹತ್ತಿ ಇರೂದಿಲ್ಲ, ಅರಿವಿ ಮ್ಯಾಲ ಅರಿವಿನ ಇರತೈತಿ. ಸೀರಿ ಲೆಕ್ಕಾ ಹೇಳತೇನಿ ಕೇಳ್ರಿ. ಒಂದು ಸೀರಿ ಐದೂವರಿ ಮೀಟರ್, ಅಗಲ ಸುಮಾರು 1.15. ಅದನ್ನ ನಡಕ ಕತ್ತರಿಸಿ ಎರಡೂ ತುಂಡು ಅಂಚಿಗೆ ಅಂಚು ಜೋಡಿಸಿದ್ರ 2.75 ಉದ್ದ, 2.3 ಅಗಲ, ಡಬಲ್ ಕಾಟಿಗೆ ಬರೊಬ್ಬರಿ ಒಂದು ಪದರ ಆತು. ಕೆಳಗೊಂದು, ಮ್ಯಾಲೊಂದು, ನಡಕ ಎರಡು, ಅಂದ್ರ ನಾಕು ಸೀರಿ ಮುಗೀತು, ಬೆಂಗಳೂರ ಥಂಡಿಗೆ ಅಷ್ಟ ಸಾಕು. ನಡಕ ಹಾಕೂದು ಹರದಿದ್ದರೂ ನಡೀತೈತಿ, ಬಣ್ಣಾ ಹೋಗಿದ್ದರೂ ನಡೀತೈತಿ, ತ್ಯಾಪಿ ಹಚ್ಚಿ ಹಾಕ್ರಿ. ಛಲೋ ಇರೂ ಸೀರಿ ಎರಡು ಮ್ಯಾಲ ಕೆಳಗ ಇರಲಿ.

ಕೂಸಿಗೆ ಅಂದ್ರ ಒಂದ ಸೀರಿ ಸಾಕ್ರಿ. 1.1 ಮೀಟರಿಗೆ ಒಂದು ಮಡಿಕಿ ಹಾಕ್ಕೋತ ಹೋದ್ರ ಐದು ಪದರ ಆಗತೈತಿ, ಅಳತಿ ಚೌಕ ಬರತೈತಿ, ಕತ್ತರಿ ಹಚ್ಚೂದ ಬ್ಯಾಡ. ಅತ್ತಿಯವರು ಭಾಳ ಉಟ್ಟ ಸೀರಿ ಯಾವುದೈತಿ ಅದನ್ನ ಕೂಸಿಗೆ ಇಡ್ರಿ, ತೊಳದು ತೊಳದು ಮೆತ್ತಗಾಗಿದ್ದ ಅರಿವಿ ಕೂಸಿನ ಮೈಗೆ ಚುಚ್ಚೂದಿಲ್ಲ.

ಕಟ್‌ಪೀಸ್ ಸಂಗ್ರಹ:
ಧಾರವಾಡದ ಅಕ್ಕ ಹೇಳಿದ್ದು ಸರಿ, ಆದ್ರೆ ಮೇಲ್ಗಡೆ ತ್ರಿಕೋನ, ಚೌಕ ಅಂತ ಡಿಸೈನ್ ಹಾಕ್ಬೇಕು ಅಂದ್ರೆ ಬಣ್ಣಬಣ್ಣದ ತುಂಡು ಬೇಕೇ ಬೇಕು. ಅದಕ್ಕೆ ನೀವು ಮೊದಲು ಹೋಗ್ಬೇಕಾಗಿರೋದು ಅಂಗಡಿಗಲ್ಲ, ನಿಮ್ಮ ಏರಿಯಾ ಬ್ಲೌಸ್ ಟೈಲರ್ ಹತ್ರ. ಲೈನಿಂಗ್ ಕತ್ತರಿಸಿ ಉಳಿಯೋ ತುಂಡು ಮೂಟೆಗಟ್ಲೆ ಬಿದ್ದಿರುತ್ತೆ, ಕಸಕ್ಕೆ ಹಾಕ್ತಾರೆ. ಬ್ಲೌಸ್ ಲೈನಿಂಗ್ ಜಾಸ್ತಿ ಕಾಟನ್ನೇ ಇರುತ್ತೆ, ಒಂದೇ ಬಣ್ಣ, ತೆಳು, ಕೈ ಹೊಲಿಗೆಗೆ ಸೂಜಿ ಸಲೀಸಾಗಿ ಹೋಗುತ್ತೆ. ನಾನು ಒಂದು ಖಾಲಿ ಚೀಲ ಕೊಟ್ಟು ಬಂದಿದ್ದೆ, ಕಾಟನ್ ಮಾತ್ರ ಇದಕ್ಕೆ ಹಾಕಿ ಅಣ್ಣ ಅಂತ ಹೇಳಿ. ಹಬ್ಬದ ಸೀಸನ್ ಮುಗಿದ ಮೇಲೆ ಹೋದ್ರೆ ಚೀಲ ತುಂಬಿತ್ತು, ದುಡ್ಡು ತಗೊಳ್ಲಿಲ್ಲ, ಆಮೇಲೆ ನಾನೇ ಅವರ ಮಗಳಿಗೆ ಒಂದು ಪುಟ್ಟ ಚೀಲ ಹೊಲಿದು ಕೊಟ್ಟೆ.

ಅದೂ ಸಾಲ್ದಿದ್ರೆ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರೋಡ್ ಕಡೆ ಗಾರ್ಮೆಂಟ್ಸ್ ಇರೋ ಜಾಗದಲ್ಲಿ ಕಟ್‌ಪೀಸ್ ಕಿಲೋ ಲೆಕ್ಕದಲ್ಲಿ ಮಾರೋರಿರ್ತಾರೆ, ಅಲ್ಲಿ ಕೆಲಸ ಮಾಡೋ ಯಾರಾದ್ರೂ ಪರಿಚಯ ಇದ್ರೆ ಕೇಳಿ. ಶರ್ಟ್ ಬಟ್ಟೆ ಸಿಕ್ರೆ ಬಿಡ್ಬೇಡಿ, ಗೆರೆ ಇರೋ ಬಟ್ಟೆ ಆದ್ರೆ ಆ ಗೆರೆ ಹಿಡ್ಕೊಂಡೇ ನೇರ ಕತ್ತರಿಸ್ಬಹುದು. ಮೀಟರ್ ಲೆಕ್ಕದ್ದು ಬೇಕು ಅಂದ್ರೆ ಚಿಕ್ಕಪೇಟೆ, ವಾರದ ಮಧ್ಯದಲ್ಲಿ ಬೆಳಗ್ಗೆನೇ ಹೋಗಿ, ಥಾನಿನ ಕೊನೆ ತುಂಡು ಇದ್ಯಾ ಅಂತ ಕೇಳಿ, ಕೊನೆಗೆ ಉಳಿಯೋ ಅರ್ಧ ಮುಕ್ಕಾಲು ಮೀಟರ್‌ನ ಅವರೂ ಖಾಲಿ ಮಾಡ್ಕೊಂಡ್ರೆ ಸಾಕು ಅಂತಿರ್ತಾರೆ.

ಮೋಸ ಹೋಗ್ದಿರೋಕೆ ಒಂದೇ ದಾರಿ, ಒಂದೆಳೆ ದಾರ ಎಳೆದು ಸುಟ್ಟು ನೋಡಿ. ಕಾಟನ್ ಆದ್ರೆ ಕಾಗದ ಸುಟ್ಟ ವಾಸನೆ, ಉಜ್ಜಿದ್ರೆ ಪುಡಿಯಾಗೋ ಬೂದಿ. ಪಾಲಿಸ್ಟರ್ ಆದ್ರೆ ಪ್ಲಾಸ್ಟಿಕ್ ತರ ಕರಗಿ ಗಟ್ಟಿ ಮಣಿ ಆಗುತ್ತೆ. ಅತ್ತೆಯವರ ಸೀರೆಗೂ ಇದನ್ನ ಮಾಡಿ, ಕೆಲವು ಮಿಕ್ಸ್ ಇರುತ್ತೆ.

ಯಲ್ಲಾಪುರದಿಂದ:
ಕ್ವಿಲ್ಟ್ ಅಂದ್ರೆ ಮೊದಲು ಪೂರ್ತಿ ಡಿಸೈನ್ ಮಾಡಿ ಆಮೇಲೆ ಪದರ ಜೋಡಿಸೋದು ಅಂತ ಯೂಟ್ಯೂಬಲ್ಲಿ ತೋರಿಸ್ತಾರೆ, ಅದಕ್ಕೆ ಅಳತೆ ಕರೆಕ್ಟಾಗಿರ್ಬೇಕು, ಅದಕ್ಕೇ ಮ್ಯಾಟು ಕಟರು ಎಲ್ಲಾ. ನಮ್ಮ ಕಡೆ ಯಲ್ಲಾಪುರ, ಹಳಿಯಾಳ, ಮುಂಡಗೋಡದಲ್ಲಿ ಸಿದ್ದಿ ಹೆಂಗಸರು (ಆಫ್ರಿಕಾ ಮೂಲದ ಸಮುದಾಯ) ಕವಂದಿ, ಅಂದ್ರೆ ಅವರ ಕಡೆ ಕೌದಿ, ಹೊಲಿಯೋದು ನೋಡ್ಬೇಕು ನೀವು. ಕೆಳಗೆ ಒಂದು ಸೀರೆ ಹಾಸ್ತಾರೆ, ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ತುಂಡು ಇಡ್ತಾ ಹೊಲೀತಾ ಸುತ್ತು ಬರ್ತಾರೆ, ಸುತ್ತು ಮೇಲೆ ಸುತ್ತು ಒಳಗೆ ಹೋಗಿ ನಡುವಿಗೆ ಮುಗಿಯುತ್ತೆ. ಪಟ್ಟಿ ಹಿಡ್ದು ಅಳೆಯೋದಿಲ್ಲ, ಕೈಗೆ ಬಂದ ತುಂಡಿನ ಅಂಚು ಒಳಗೆ ಮಡಚಿ ಕೂರಿಸ್ತಾರೆ, ಗ್ಯಾಪ್ ಬಂದ್ರೆ ಅಲ್ಲಿಗೆ ಇನ್ನೊಂದು ತುಂಡು. ಆದ್ರೆ ಬಣ್ಣ ಯಾವುದರ ಪಕ್ಕ ಯಾವುದು ಅಂತ ತುಂಬಾ ಯೋಚ್ನೆ ಮಾಡ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ ಹೂವು ಇಡ್ತಾರೆ, ಅದಕ್ಕೆ ಫೂಲಾ ಅಂತಾರೆ, ಫೂಲಾ ಇಲ್ದಿದ್ರೆ ಕವಂದಿ ಬೆತ್ತಲೆ ಅಂತ ಲೆಕ್ಕ.

ಹೊಸಬರಿಗೆ ಈ ಕ್ರಮ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ, ಬಟ್ಟೆ ಒಂದಿಷ್ಟೂ ವೇಸ್ಟ್ ಆಗಲ್ಲ, ಬೆರಳಗಲದ ತುಂಡಿಗೂ ಜಾಗ ಸಿಗುತ್ತೆ. ಈಗ ಅವರಲ್ಲಿ ಕೆಲವರು ಆರ್ಡರ್ ಮೇಲೂ ಹೊಲಿದು ಕೊಡ್ತಾರೆ. ಯಾವತ್ತಾದ್ರೂ ಕೊಂಡ್ರೆ ದಯವಿಟ್ಟು ಚೌಕಾಸಿ ಮಾಡ್ಬೇಡಿ, ಒಂದಕ್ಕೆ ಎಷ್ಟು ದಿನ ಕೂರ್ಬೇಕು ಅಂತ ಹೊಲಿಯೋಕೆ ಕೂತ್ಮೇಲೆ ನಿಮಗೇ ತಿಳಿಯುತ್ತೆ.

ಹೊಲಿಗೆ ಹೊಸಬಿ:
ಅಯ್ಯೋ ಎಷ್ಟು ಪ್ರೀತಿಯಿಂದ ಹೇಳಿದೀರಿ ಎಲ್ರೂ. ಸುಟ್ಟು ನೋಡಿದೆ, 7ರಲ್ಲಿ 2 ಕರಗಿ ಮಣಿ ಆಯ್ತು, ಉಳಿದ 5 ಕಾಟನ್. ಅಂದ್ರೆ ದೊಡ್ಡದಕ್ಕೆ 4, ಮಗೂಗೆ 1, ಲೆಕ್ಕ ಹಾಕಿ ಇಟ್ಟಂಗಿದೆ! ದಾರ ಯಾವುದು ತಗೊಳ್ಲಿ? ಮನೇಲಿರೋ ಮಿಷಿನ್ ದಾರದಲ್ಲಿ ಟ್ರೈ ಮಾಡಿದೆ, ಎರಡು ಸಾಲಿಗೇ ಪಟ್ ಅಂತ ಹರೀತು. ಪದರ ಬೇರೆ ಜರುಗ್ತಾನೇ ಇರುತ್ತೆ.

ಧಾರವಾಡದಾಕಿ:
ರೊಕ್ಕಾ ಹಾಕೂದು ದಾರಕ್ಕ ಮತ್ತ ಸೂಜಿಗಿ, ಅಲ್ಲಿ ಮಾತ್ರ ಕಂಜೂಸತನ ಮಾಡಬ್ಯಾಡ್ರಿ. ದಪ್ಪ ಕಾಟನ್ ದಾರ ಬೇಕು. ಕಸೂತಿ ಹಾಕೂ ದಾರದ ಲಡಿ ಸಣ್ಣೂವು, ಡಬಲ್ ಕೌದಿಗೆ ಭಾಳ ತುಟ್ಟಿ ಬೀಳತಾವು. ಕ್ರೋಶಾ ಹೆಣಿಯೂ ಕಾಟನ್ ದಾರದ ಉಂಡಿ ತೊಗೋರಿ, ಸಣ್ಣ ಎಳಿದು. ಒಂದು ಇಂಚಿಗೆ ಒಂದು ಸಾಲು ಅಂದ್ರ 2.3 ಮೀಟರ್ ಅಗಲಕ್ಕ ಸುಮಾರು 90 ಸಾಲು, ಒಂದೊಂದು ಸಾಲು 2.75 ಮೀಟರ್, ಅಲ್ಲಿಗೇ 250 ಮೀಟರ್ ಆತು, ಗಂಟು, ಏರಿಳಿತ ಎಲ್ಲಾ ಸೇರಿ 300 ಹಿಡೀರಿ. ಅರ್ಧ ಇಂಚಿಗೆ ಹೊಲದ್ರ ಅದರ ಎರಡರಷ್ಟು. ದಾರ ಒಂದು ಕೈ ಉದ್ದಕ್ಕಿಂತ ಜಾಸ್ತಿ ತೊಗೋಬ್ಯಾಡ್ರಿ, ಮೇಣದಬತ್ತಿ ಮ್ಯಾಲ ಒಮ್ಮೆ ಎಳಕೋರಿ, ಸಿಕ್ಕ ಬೀಳೂದಿಲ್ಲ.

ಪದರ ಜರಗೂದಕ್ಕ ನಮ್ಮವ್ವ ಏನ್ ಮಾಡತಿದ್ಲಂದ್ರ, ಸೀರಿ ಹಾಸಿ ನಾಕೂ ಮೂಲಿಗೆ ಕಲ್ಲು ಹೇರಿ, ನೀರ ಚಿಮುಕಿಸಿ ಅಂಗೈಲೆ ತಿಕ್ಕತಿದ್ಲು, ಹಸಿ ಅರಿವಿ ಒಂದಕ್ಕೊಂದು ಅಂಟತೈತಿ. ಆಮ್ಯಾಲ ಗೇಣಿಗೊಂದು ಕಚ್ಚಾ ಹೊಲಿಗಿ ಹಾಕಿ ಹಿಡದು, ಕೌದಿ ಮುಗದ ಮ್ಯಾಲ ಅದನ್ನ ಬಿಚ್ಚೂದು.

ಕಟ್‌ಪೀಸ್ ಸಂಗ್ರಹ:
ಒಂದು ಮರೆತಿದ್ದೆ. ಟೈಲರ್ ಹತ್ರ ತರೋ ತುಂಡನ್ನೆಲ್ಲಾ ಹೊಲಿಯೋಕೆ ಮುಂಚೆ ಒಂದ್ಸಲ ತೊಳೀರಿ, ಕೆಂಪು, ಮರೂನ್ ಬೇರೆ ಬಕೆಟಲ್ಲಿ. ಹೊಸ ಕಾಟನ್ ಕುಗ್ಗುತ್ತೆ, ಹಳೇ ಸೀರೆ ಕುಗ್ಗಲ್ಲ, ಎರಡೂ ಹಂಗೇ ಸೇರಿಸಿ ಹೊಲಿದ್ರೆ ಮೊದಲನೇ ಒಗೆತಕ್ಕೇ ಸುಕ್ಕು ಬರುತ್ತೆ. ನಂದೊಂದು ಬಿಳಿ ಹಿನ್ನೆಲೆ ಇದ್ದಿದ್ದು ಕೆಂಪು ಲೈನಿಂಗ್ ಬಣ್ಣ ಬಿಟ್ಟು ಪೂರ್ತಿ ಗುಲಾಬಿ ಆಗೋಯ್ತು, ಎರಡು ತಿಂಗಳ ಕೆಲಸ, ತುಂಬಾ ಬೇಜಾರಾಯ್ತು.

ಹೊಲಿಗೆ ಹೊಸಬಿ:
ದಾರದ ಉಂಡೆ, ಸೂಜಿ, ಮೇಣ ತಂದೆ, ಇನ್ನೂ 1500ರ ಮೇಲೆ ಕೈಯಲ್ಲಿ ಉಳಿದಿದೆ. ಟೈಲರ್ ಅಂಕಲ್‌ಗೆ ಚೀಲ ಕೊಟ್ಟು ಬಂದೆ. ಇವತ್ತು ಮಗೂದು ಶುರು ಮಾಡಿದೆ, ಅತ್ತೆಯವರ ಹಸಿರು ಚೌಕಳಿ ಸೀರೆ, ಐದು ಮಡಿಕೆ ಹಾಕಿ ನೀರು ಚಿಮುಕಿಸಿ ತಿಕ್ಕಿದೆ, ನಿಜವಾಗ್ಲೂ ಅಂಟ್ಕೊಂಡ್ತು. ಆರು ಸಾಲು ಆಗಿದೆ, ಮೂರನೇದು ಸ್ವಲ್ಪ ಸೊಟ್ಟ, ಬಿಚ್ಚಲ್ಲ. ಅತ್ತೆ ಹಳೇ ಕೌದಿ ಹರಿದ ಮೂಲೆಗೂ ಇದೇ ಸೀರೆ ಸೆರಗಿಂದ ಒಂದು ತುಂಡು ತೆಗೆದು ತೇಪೆ ಹಾಕ್ತೀನಿ. ಆ ನೀಲಿ ಬಟ್ಟೆ ಒಂದಿಷ್ಟು ಕಾಣೋ ಹಂಗೆ ಬಿಡಿ ಅಂತ ನಮ್ಮನೆಯವರು ಕೇಳ್ತಿದಾರೆ.