ಅಜ್ಜಿಯ ಫೋಟೊಗೆ ಹಾಕಿದ ಸಂಜೆಯ ಆಕಾಶದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಮದುವೆ ಆಲ್ಬಮ್ಮೊಂದನ್ನು ಮುಗಿಸಿ ಈಗಷ್ಟೇ ಸ್ಟುಡಿಯೊ ಬಾಗಿಲು ಹಾಕಿದೆ. ಟೈಪ್ ಮಾಡುತ್ತ ಕೂತರೆ ಬೆಳಗಾದೀತೆಂದು ಬಾಯಲ್ಲೇ ಹೇಳುತ್ತಿದ್ದೇನೆ, ಸ್ವಲ್ಪ ಉದ್ದವಾದರೆ ಬೇಸರಿಸಬೇಡಿ. ಅಜ್ಜಿಯ ಎಂಬತ್ತನೆಯ ಹುಟ್ಟುಹಬ್ಬಕ್ಕೆ ಫ್ರೇಮ್ ಹಾಕಿಸಲೆಂದು ಪುಟ್ಟಿ ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಎರಡು ಚಿತ್ರಗಳಿಗೆ ಫೋಟೋಶಾಪಿನಲ್ಲಿ ಕೆಂಪು ಆಕಾಶ ಕೂರಿಸಿ ಕಳುಹಿಸಿದ್ದಾಳೆ. ಭಾವನವರು "ಚೆನ್ನಾಗಿದೆ, ಆದರೆ ಏನೋ ಸರಿಯಿಲ್ಲ" ಎಂದಿದ್ದಾರೆ. ಭಾವನವರ ಕಣ್ಣು ಸರಿಯಾಗಿಯೇ ಇದೆ.

ಪುಟ್ಟಿ, ಮೊದಲ ಚಿತ್ರದಲ್ಲಿ ಅಜ್ಜಿಯ ಕಾಲ ಬುಡವನ್ನು ದೊಡ್ಡದು ಮಾಡಿ ನೋಡು. ಚಪ್ಪಲಿಯ ಸುತ್ತ ಬಿದ್ದಿರುವ ನೆರಳು ಗೇಣುದ್ದವೂ ಇಲ್ಲ, ಅಂದರೆ ಸೂರ್ಯ ನೆತ್ತಿಯ ಮೇಲಿದ್ದಾನೆ. ನೀನು ಹಾಕಿದ ಆಕಾಶದಲ್ಲಿ ಅವನು ಅಜ್ಜಿಯ ಬೆನ್ನ ಹಿಂದೆ ಮುಳುಗುತ್ತಿದ್ದಾನೆ. ಹಾಗಿದ್ದರೆ ನೆರಳು ಬಂಡೆಯ ಮೇಲೆ ನಮ್ಮ ಕಡೆಗೆ ಉದ್ದಕ್ಕೆ ಚಾಚಿರಬೇಕು, ಮುಖ ಕಪ್ಪಾಗಿರಬೇಕು. ಇಲ್ಲಿ ಅಜ್ಜಿಯ ಮೂಗುಬೊಟ್ಟು ಫಳಫಳ ಹೊಳೆಯುತ್ತಿದೆ! ಬಣ್ಣವನ್ನು ಎಷ್ಟು ತಿದ್ದಿದರೂ ನೆರಳಿನ ದಿಕ್ಕು ತಿರುಗುವುದಿಲ್ಲ. ಆದ್ದರಿಂದ ಸಂಜೆಯ ಆಸೆ ಬಿಟ್ಟು, ನಾಳೆ ಹನ್ನೆರಡರ ಹೊತ್ತಿಗೆ ಮಾಳಿಗೆ ಹತ್ತಿ ನಮ್ಮ ದಾವಣಗೆರೆಯದೇ ಬಿಳಿಮೋಡದ ಆಕಾಶವನ್ನು ತೆಗೆ. ಕೆಳಗೆ ಮನೆಗಳ ಸಾಲಿನ ಹತ್ತಿರದ ಮಾಸಲು ನೀಲಿಯೂ ಬರಲಿ, ಏಕೆಂದರೆ ಕೋಟೆಯ ಬಂಡೆಗೆ ತಾಗುವುದು ಆ ಭಾಗವೇ.

ಫೋಟೋಶಾಪಿನ ಎಡಿಟ್ ಮೆನುವಿನಲ್ಲಿ ಆಕಾಶವನ್ನು ತಾನೇ ಗುರುತಿಸಿ ಬದಲಿಸುವ ಸ್ಕೈ ರಿಪ್ಲೇಸ್‌ಮೆಂಟ್ 2020ರಲ್ಲಿ ಬಂದ ಮೇಲೆ ನಮ್ಮಂಥವರ ಕೆಲಸ ಬಹಳ ಹಗುರವಾಗಿದೆ, ಸುಳ್ಳು ಹೇಳುವುದಿಲ್ಲ. ಆದರೆ ಅಂಚನ್ನು ಅದರ ಪಾಲಿಗೆ ಬಿಟ್ಟು ಎದ್ದು ಹೋಗುವಂತಿಲ್ಲ. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರಲ್ಲ, ಆ ಸಂದಿಯಲ್ಲಿ ಹಳೆಯ ಬಿಳಿ ಆಕಾಶ ಹಾಗೆಯೇ ಉಳಿದಿದೆ. ಅಲ್ಲಿ ಅದರದೇ ಸ್ಕೈ ಬ್ರಷ್ಷಿನಿಂದ, ಅಂದರೆ ಹೊಸ ಆಕಾಶ ಬಳಿಯುವ ಕುಂಚದಿಂದ, ಸವರು. ನರೆತ ಕೂದಲು ಬಿಳಿ ಆಕಾಶದ ಎದುರಿಗಿದ್ದುದರಿಂದ ಫೋಟೋಶಾಪಿಗೆ ಎರಡೂ ಒಂದೇ ಎನಿಸಿ, ತಲೆಯ ಸುತ್ತ ಕತ್ತರಿಯಲ್ಲಿ ಕತ್ತರಿಸಿದಂತಾಗಿದೆ. ಅಂಚನ್ನು ಆಚೀಚೆ ಸರಿಸುವ ಶಿಫ್ಟ್ ಎಡ್ಜ್ ಮತ್ತು ಅಂಚನ್ನು ಮೃದುಗೊಳಿಸುವ ಫೇಡ್ ಎಡ್ಜ್ ಎರಡನ್ನೂ ಸ್ವಲ್ಪಸ್ವಲ್ಪವೇ ಸರಿಸು, ಔಟ್‌ಪುಟ್ಟನ್ನು ನ್ಯೂ ಲೇಯರ್ಸ್ ಎಂದೇ ಇಡು. ಆಗ ಹೊಸ ಆಕಾಶ ಬೇರೆ ಪದರಗಳಲ್ಲಿ ಕೂತು, ಅದು ಎಲ್ಲಿ ಕಾಣಬೇಕು, ಎಲ್ಲಿ ಬೇಡ ಎಂದು ಹೇಳುವ ಮಾಸ್ಕ್ ಉಳಿಯುತ್ತದೆ, ಉಳಿದ ಕೂದಲನ್ನು ನಾನು ಕೈಯಲ್ಲೇ ತಿದ್ದುತ್ತೇನೆ.

ಎರಡನೆಯದಾದ, ಕೋಟೆಯೊಳಗಿನ ಅಕ್ಕ-ತಂಗಿಯರ ಹೊಂಡದ ಚಿತ್ರಕ್ಕೆ ಮಾತ್ರ ಕೈಹಾಕಬೇಡ. ಮೇಲೆ ಕೆಂಪು, ಕೆಳಗೆ ನೀರಿನಲ್ಲಿ ಬಿಳಿ. ಆ ಸೌಲಭ್ಯ ನೀರಿನ ಕಡೆ ತಿರುಗಿಯೂ ನೋಡುವುದಿಲ್ಲ. ಹೊಸ ಆಕಾಶವನ್ನು ತಲೆಕೆಳಗು ಮಾಡಿ, ಮಸುಕುಗೊಳಿಸಿ, ಅಲೆಗಳೊಡನೆ ಬೆರೆಸುವ ಅಷ್ಟೆಲ್ಲ ಕೆಲಸ ಒಂದು ಫ್ರೇಮಿಗೆ ಬೇಕಿಲ್ಲ.

ದೊಡ್ಡಪ್ಪ, ತಾವು ಇದು ಮೋಸವಲ್ಲವೇ ಎಂದು ಕೇಳಿದ್ದಿರಿ. ಇದು ಕಂಪ್ಯೂಟರ್ ಕಾಲದ ಚಾಳಿಯೇನಲ್ಲ. ಆಗಿನ ಗಾಜಿನ ನೆಗೆಟಿವ್‌ಗಳಿಗೆ ನೀಲಿ ಬೆಳಕು ಅತಿಯಾಗಿ ತಟ್ಟಿ ಆಕಾಶ ಬರೀ ಬಿಳುಪಾಗುತ್ತಿದ್ದುದರಿಂದ, 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಎಂಬ ಛಾಯಾಗ್ರಾಹಕ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಮುದ್ರಿಸಿದ್ದ. ಸುದ್ದಿಯ ಚಿತ್ರಕ್ಕೆ ಹೀಗೆ ಮಾಡಿದರೆ ನಾನೂ ತಪ್ಪೆನ್ನುತ್ತೇನೆ, ಗೋಡೆಯ ಮೇಲಿನ ಅಜ್ಜಿಗೆ ತಪ್ಪೆನ್ನುವುದಿಲ್ಲ.

ಪುಟ್ಟಿ, ಮೂಲ ಚಿತ್ರವನ್ನು ಈ ಗುಂಪಿನಲ್ಲಿ ಫೋಟೊ ಆಗಿ ಹಾಕಬೇಡ, ವಾಟ್ಸಾಪ್ ಅದನ್ನು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಮಾಡಿ ನನಗೆ ಕಳುಹಿಸು, ಮಾಳಿಗೆಯ ಮೇಲೆ ತೆಗೆದ ಆಕಾಶವನ್ನೂ ಹಾಗೆಯೇ ಕಳುಹಿಸು.