ಕೌದಿ ನೋಡೋಕೆ ಅಂತ ಭಾನುವಾರ ಮನೆಮಂದಿಯೆಲ್ಲ ಹೋಗಬಹುದಾ?

ವಿನೋಬನಗರದವ:
ಕೌದಿ ಹೊದ್ದು ಗೊತ್ತು, ನೋಡೋಕೆ ಅಂತ ಹೋಗಿ ಗೊತ್ತಿಲ್ಲ. ಹೆಂಡತಿ ಇತ್ತೀಚೆಗೆ ಹಳೇ ಸೀರೆ ಕತ್ತರಿಸಿ ಕೌದಿ ಹೊಲಿಯಲು ಕೂತಿದ್ದಾಳೆ. ಶಿವಮೊಗ್ಗದಲ್ಲಿ ಕರಕುಶಲ ಮೇಳ ಅಂತ ಎಲ್ಲಿ ಬ್ಯಾನರ್ ಕಂಡರೂ ಗಾಡಿ ನಿಲ್ಲಿಸು ಅಂತಾಳೆ. ಜೊತೆಗೆ ಅಮ್ಮ, ಏಳು ವರ್ಷದ ಮಗ. ಇವಳು ಒಂದೊಂದು ಕೌದಿ ಮುಂದೆ ಅರ್ಧ ಗಂಟೆ ನಿಂತರೆ ನಾವು ಮೂರು ಜನ ಏನು ಮಾಡೋದು? ಸುತ್ತಮುತ್ತ ಶನಿವಾರ, ಭಾನುವಾರ ಹೋಗಿಬರುವಂಥದ್ದು ಇದ್ದರೂ ಹೇಳಿ.

ಸಾಗರದ ಟೀಚರ್ (ರಿಟೈರ್ಡ್):
ನಿಮ್ಮ ಅಮ್ಮನನ್ನು ಮುಂದೆ ಬಿಡಿ. ನಿಮ್ಮ ಮನೆಯಲ್ಲಿ ಬೇಜಾರಾಗದೇ ಇರೋದು ಅವರಿಗೇ. ಇದು ವಾಯಿಲ್, ಇದು ಇಳಕಲ್ ಸೆರಗು, ಇದು ಯಾರದೋ ಸ್ಕೂಲ್ ಯೂನಿಫಾರಂ ಅಂತ ಗುರುತು ಹಿಡಿಯುತ್ತಾ ಹೋಗುತ್ತಾರೆ. ಮಗನಿಗೂ ಒಂದು ಕೆಲಸ ಕೊಡಿ. ಒಂದೇ ಬಟ್ಟೆಯ ಚೂರು ಎಷ್ಟು ಕಡೆ ಕೂತಿದೆ ಹುಡುಕು ಅನ್ನಿ. ನನ್ನ ಮೊಮ್ಮಗ ಹಾಗೆ ಹುಡುಕುತ್ತಾ ಅಂಗಡಿಯವರ ಮೇಜಿನ ಕೆಳಗೇ ಹೋಗಿದ್ದ, ಅದು ಬೇರೆ ವಿಷಯ.

ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿದ್ದಾಳೆ. ಅಲ್ಲಿ ದೀಪಾವಳಿ ಹೊತ್ತಿಗೆ ದೊಡ್ಡ ಕ್ವಿಲ್ಟ್ ಉತ್ಸವ ನಡೆಯುತ್ತದೆ, ಕರೆದುಕೊಂಡು ಹೋಗಿದ್ದಳು. ನಮ್ಮ ಕೌದಿಯ ಜಾತಿಯದ್ದೇ, ಆದರೆ ನಡುವೆ ಹತ್ತಿಯ ಪದರ ಇರುತ್ತದೆ, ಮಿಷಿನ್ ಹೊಲಿಗೆ ಜಾಸ್ತಿ. ಎತ್ತರಕ್ಕೆ ನೇತುಹಾಕಿರುತ್ತಾರೆ, ಮುಟ್ಟುವ ಹಾಗಿಲ್ಲ. ಹಿಂಬದಿ ನೋಡಬೇಕಾ, ಬಿಳಿ ಗ್ಲೌಸ್ ಹಾಕಿಕೊಂಡ ಹೆಂಗಸರು ಓಡಾಡುತ್ತಿರುತ್ತಾರೆ. ಕರೆದರೆ ಬಂದು ಅಂಚು ಎತ್ತಿ ತೋರಿಸುತ್ತಾರೆ. ನಾನು ಸುಮ್ಮನಿರಲಿಲ್ಲ, ಸಿಕ್ಕಿದ್ದಕ್ಕೆಲ್ಲ ಕರೆದೆ. ದಾರ ಎಲ್ಲಿ ಮುಗಿಯಿತು, ಗಂಟು ಎಲ್ಲಿ ಅಡಗಿಸಿದರು, ಇದೆಲ್ಲ ಹಿಂದಿನಿಂದಲೇ ಗೊತ್ತಾಗೋದು. ನಮ್ಮ ಮೇಳಗಳಲ್ಲಿ ಆ ತೊಂದರೆ ಇಲ್ಲ, ಮಾರುವವರೇ ಕೊಡವಿ ಎರಡೂ ಕಡೆ ತೋರಿಸುತ್ತಾರೆ. ಆದರೂ ಕೇಳಿ ಮುಟ್ಟಿ.

ಅಲ್ಲಿ ಬಹುಮಾನ ಬಂದ ಕ್ವಿಲ್ಟುಗಳು ನನಗೆ ಅಷ್ಟು ಹಿಡಿಸಲಿಲ್ಲ. ಕ್ಯಾಲೆಂಡರ್ ಚಿತ್ರದಷ್ಟು ನೀಟು. ಮಗಳ ಮನೆಯಲ್ಲಿ ಒಂದು ಪುಸ್ತಕ ಇತ್ತು, ಅಲಬಾಮಾ ರಾಜ್ಯದ ಜೀಸ್ ಬೆಂಡ್ ಅನ್ನೋ ಊರಿನ ಕಪ್ಪು ಹೆಂಗಸರದ್ದು. ಹೊಲದ ಕೆಲಸಕ್ಕೆ ಹಾಕಿ ಸವೆದ ಪ್ಯಾಂಟು, ಜೀನ್ಸು, ಅದರಲ್ಲೇ ಹೊಲಿದದ್ದು. ಸಾಲು ಓರೆಯಾದರೆ ಓರೆ. 2002ರಲ್ಲಿ ಅದೇ ಹ್ಯೂಸ್ಟನ್‌ನ ಕಲಾ ಮ್ಯೂಸಿಯಂನಲ್ಲಿ ಅವನ್ನು ಪ್ರದರ್ಶನಕ್ಕಿಟ್ಟರು, 2006ರಲ್ಲಿ ಅಂಚೆಚೀಟಿಯಲ್ಲೂ ಬಂದವು. ಅವನ್ನು ಬೇಕಾದರೆ ದಿನವಿಡೀ ನೋಡುತ್ತೇನೆ.

ಇಲ್ಲಿಯ ವಿಷಯಕ್ಕೆ ಬಂದರೆ, ರೈಲಿನಲ್ಲಿ ಸಾಗರಕ್ಕೆ ಬನ್ನಿ, ಮಗನಿಗೂ ಖುಷಿ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನೋ ಮಹಿಳೆಯರ ಸಹಕಾರ ಸಂಘ ಇದೆ. ಅಲ್ಲಿ ಮುಖ್ಯ ಕೆಲಸ ಕೈಮಗ್ಗದ್ದು, ಆದರೆ ಅಡಿಕೆ ಬೇಯಿಸಿದ ಚೊಗರಿನಲ್ಲಿ ಬಟ್ಟೆಗೆ ಬಣ್ಣ ಕಟ್ಟುತ್ತಾರೆ. ಕೌದಿ ಹೊಲಿಯುವವರು ಆ ಕೆಂಪು ಒಮ್ಮೆ ನೋಡಬೇಕು. ಕೆಲಸ ನಡೆಯುವ ದಿನ ಯಾವುದು ಅಂತ ಮೊದಲೇ ಕೇಳಿಕೊಂಡು ಹೊರಡಿ. ನೀವು ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಕಡೆ ಸುತ್ತಾಡಿಕೊಂಡಿರಬಹುದು.

ಗೋಪಾಳ ಹುಡುಗ:
ಅಣ್ಣ, ಮೇಳದಲ್ಲಿ ತಿಂಡಿ ಸ್ಟಾಲ್ ಇರುತ್ತೆ. ನಾವು ಅಲ್ಲೇ ಸಿಗೋಣ.

ಸಿರ್ಸಿ ಸೊಸೆ:
ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನ ತವರು ಯಲ್ಲಾಪುರದ ಕಡೆ. ಅಲ್ಲಿಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಎಲ್ಲಾದರೂ ಪ್ರದರ್ಶನಕ್ಕೆ ಬಂದರೆ ಬಿಡಬೇಡಿ. ಒಂದು ಮೂಲೆಯಿಂದ ಶುರುಮಾಡಿ ಅಂಚು ಹಿಡಿದು ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಮುಕ್ಕೋನ ಹೂವು ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅನ್ನೋ ಮಾತಿದೆ. ಮಗನಿಗೆ ಹೊಲಿಗೆ ಶುರುವಾದ ಮೂಲೆ ಹುಡುಕಲು ಹೇಳಿ, ದೊಡ್ಡವರಿಗೇ ಕಷ್ಟ.

ಆದರೆ ದಯವಿಟ್ಟು ಕಾರು ತೆಗೆದುಕೊಂಡು ಅವರ ಊರಿಗೆ ನುಗ್ಗಿ, ಮನೆ ಮುಂದೆ ನಿಂತು ಫೋಟೋ ತೆಗೆಯೋದು ಬೇಡ. ಪ್ರದರ್ಶನದಲ್ಲಿ ನೋಡೋದು ಬೇರೆ, ಅಂಗಳದಲ್ಲಿ ನೋಡೋದು ಬೇರೆ. ಪರಿಚಯದವರು ಕರೆದರೆ ಹೋಗಿ. ರೇಟು ಕೇಳಿ ‘ಸೊಲ್ಲಾಪುರ ಚಾದರ ಇದಕ್ಕಿಂತ ಕಡಿಮೆ’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಕೈಯಲ್ಲಿ ಹೊಲಿದದ್ದು ಸ್ವಾಮಿ!

ವಿನೋಬನಗರದವ:
ಅಮ್ಮನಿಗೆ ಓದಿ ಹೇಳಿದೆ. ಆಗಲೇ ಕಪಾಟು ತೆಗೆದು ಸೀರೆ ಹುಡುಕುತ್ತಿದ್ದಾರೆ. ಒಂದು ಸಂಶಯ. ಕೊಳ್ಳುವುದಾದರೆ ದಪ್ಪದ್ದು ಒಳ್ಳೆಯದಾ, ತೆಳುವಾ?

ಸಾಗರದ ಟೀಚರ್ (ರಿಟೈರ್ಡ್):
ತೆಳು ತಗೊಳ್ಳಿ. ಮಲೆನಾಡಿನ ಮಳೆಯಲ್ಲಿ ದಪ್ಪ ಕೌದಿ ಒಮ್ಮೆ ಒದ್ದೆಯಾದರೆ ಒಣಗುವಷ್ಟರಲ್ಲಿ ಮುಗ್ಗಲು ವಾಸನೆ ಬಂದಿರುತ್ತದೆ. ಬೆಳ್ಳಗಿನ ಕರ್ಚೀಫಿನ ಒಂದು ಮೂಲೆ ಒದ್ದೆ ಮಾಡಿ ಕೆಂಪು ಚೂರಿನ ಮೇಲೆ ಒತ್ತಿ ನೋಡಬಹುದಾ ಅಂತ ಅಂಗಡಿಯವರನ್ನು ಕೇಳಿ. ಬಣ್ಣ ಹತ್ತಿದರೆ ಬೇರೆ ತೋರಿಸಿ ಅನ್ನಿ. ಮತ್ತೆ ಕಾಲಿಗೆ ಒಳ್ಳೇ ಚಪ್ಪಲಿ ಹಾಕಿಕೊಂಡು ಹೋಗಿ, ನಿಮ್ಮ ಹೆಂಡತಿ ಅರ್ಧ ಗಂಟೆಗೆಲ್ಲ ಕದಲುವವರಲ್ಲ.